ಹುಲ್ಲಿನ ಮೇಲೆ ಮೊದಲ ತಂಡ: 60 ಕೋಳಿಮರಿ, ಒಂದು ಮಳೆ, ಒಂದು ಮಧ್ಯಾಹ್ನ

ಬೆಳಿಗ್ಗೆ ಐದೂವರೆಗೆ ಅಣ್ಣ ಬಾಗಿಲು ಬಡಿದ. "ಎದ್ದು ಬಾರೇ, ಮರಿಗಳು ಸತ್ತಿವೆ" ಎಂದ. ಎಷ್ಟು ಅಂತ ಕೇಳಿದೆ. ಉತ್ತರ ಕೊಡದೆ ಟಾರ್ಚ್ ಹಿಡಿದು ಮುಂದೆ ನಡೆದ. ಪಂಜರದ ಒಂದೇ ಮೂಲೆಯಲ್ಲಿ 14 ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಸುತ್ತ ಉಳಿದವು ಒದ್ದೆ ಮೈಯಲ್ಲಿ ನಿಂತು ಸಣ್ಣಗೆ ಕಿರುಚುತ್ತಿದ್ದವು. ಅವಕ್ಕೆ ಆಗ 23 ದಿನ ತುಂಬಿತ್ತು. ಹುಲ್ಲಿಗೆ ಬಂದ ಮೇಲೆ ಅದು ಅವುಗಳ ಮೂರನೇ ರಾತ್ರಿ.

ಮಾಂಸದ ಕೋಳಿಗಳನ್ನು ಹುಲ್ಲಿನ ಮೇಲೆ ಸಾಕಬೇಕು ಎನ್ನುವುದು ಅತ್ತಿಗೆಯ ಆಸೆ. ಕೆಲಸ ಅಣ್ಣನದು. ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಪಾಲಿಗೆ ಬಂತು. ಆ ನೋಟ್‌ಬುಕ್ ಇರದಿದ್ದರೆ ಈ ತಂಡದ ಬಗ್ಗೆ ನಮಗೆ ನೆನಪಿರುತ್ತಿದ್ದುದು ಆ ಒಂದು ಬೆಳಗು ಮಾತ್ರ.

ಶುರುವಾದದ್ದು ಹೀಗೆ

ಒಂದು ದಿನದ 60 ಮರಿಗಳನ್ನು ತಂದೆವು. ತಳಿ ಕಾರ್ನಿಷ್ ಕ್ರಾಸ್. ಅಗಲ ಎದೆಯ ಕಾರ್ನಿಷ್ ಮತ್ತು ಬಿಳಿ ಪ್ಲಿಮತ್ ರಾಕ್ ತಳಿಗಳ ಮಿಶ್ರಣದಿಂದ ಬಂದ ಬಿಳಿ ಬ್ರಾಯ್ಲರ್. ಮೊಟ್ಟೆಯೊಳಗಿನ ಹಳದಿಯನ್ನು ಮರಿ ಹೊರಬರುವ ಮುಂಚೆ ಹೊಟ್ಟೆಗೆ ಎಳೆದುಕೊಂಡಿರುತ್ತದೆ. ಹಾಗಾಗಿ ಎರಡು ದಿನದ ಪ್ರಯಾಣವನ್ನೂ ತಡೆಯುತ್ತದೆ. ಆದರೂ ಮೊದಲ ಮೂರು ದಿನದಲ್ಲಿ ಮೂರು ಹೋದವು. ಅಷ್ಟು ಆಗುವುದೇ ಎಂದು ಸುಮ್ಮನಾದೆವು. ಉಳಿದದ್ದು 57.

ಮೂರು ವಾರ ಅವು ಶೆಡ್ಡಿನ ಮೂಲೆಯ ಬ್ರೂಡರಿನಲ್ಲಿದ್ದವು. ನೆಲಕ್ಕೆ ಮರದ ಹೊಟ್ಟು, ಮೇಲೆ ಶಾಖದ ಬಲ್ಬು. ಆ ಹೊತ್ತಿಗೆ ಅಣ್ಣ ಪಂಜರ ಕಟ್ಟಿದ. ತಳವಿಲ್ಲದ ಪಂಜರ ಅದು. 10 ಅಡಿ ಉದ್ದ, 8 ಅಡಿ ಅಗಲ, 2 ಅಡಿ ಎತ್ತರ. ಹಿಂದಿನ ಮೂರನೇ ಒಂದು ಭಾಗಕ್ಕೆ ತಗಡು, ಉಳಿದಕ್ಕೆ ಜಾಲರಿ. ದಿನಕ್ಕೊಮ್ಮೆ ಅದನ್ನು ಅದರ ಉದ್ದದಷ್ಟು ಮುಂದಕ್ಕೆ ಎಳೆಯುವುದು. ಕೋಳಿಗೆ ಹೊಸ ಹುಲ್ಲು ಸಿಗುತ್ತದೆ, ಹಿಕ್ಕೆ ಹಿಂದೆ ಉಳಿಯುತ್ತದೆ. ಈ ಪದ್ಧತಿಯನ್ನು ಜನಪ್ರಿಯ ಮಾಡಿದವರು ಅಮೆರಿಕದ ವರ್ಜೀನಿಯಾದ ರೈತ ಜೋಯೆಲ್ ಸಲಾಟಿನ್. ಅವರ ಪಂಜರ 10 ಅಡಿಗೆ 12 ಅಡಿ, ಅದರಲ್ಲಿ ಸುಮಾರು 75 ಕೋಳಿ. ನಮ್ಮದು ಚಿಕ್ಕದು, ಆದರೆ ಒಂದು ಕೋಳಿಗೆ ಬೀಳುವ ಜಾಗ ಹೆಚ್ಚುಕಡಿಮೆ ಅಷ್ಟೇ.

21ನೇ ದಿನಕ್ಕೆ ಹೊರಗೆ ಬಿಡಬೇಕು ಅಂತ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿದ್ದೆವು. ಆ ದಿನವೇ ಬಿಟ್ಟೆವು. ಪಂಜರ ಇಟ್ಟದ್ದು ಮನೆಯ ಹತ್ತಿರದ ಮೂಲೆಯಲ್ಲಿ. ಅಲ್ಲಿಗೆ ನೀರಿನ ಪೈಪು ಎಟುಕುತ್ತಿತ್ತು, ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು. ಜಮೀನಿನಲ್ಲಿ ಅದೇ ಎಲ್ಲಕ್ಕಿಂತ ತಗ್ಗಿನ ಜಾಗ ಎನ್ನುವುದು ನಮಗೆಲ್ಲ ಗೊತ್ತಿತ್ತು. ಯಾರ ತಲೆಗೂ ಹೊಳೆಯಲಿಲ್ಲ ಅಷ್ಟೇ.

ಯಾರ ಮೇಲೆ ಅನುಮಾನ

ಮೊದಲು ನಾಯಿ ಅಂದುಕೊಂಡೆವು. ನಂತರ ಹೆಗ್ಗಣ. ಆಮೇಲೆ ರೋಗ. ಕೊನೆಗೆ ಅತ್ತಿಗೆ, "ರೀ, ಹೊಸ ಮೂಟೆ ನಿನ್ನೆ ತಾನೇ ಬಿಚ್ಚಿದ್ದು, ಅದರಲ್ಲೇ ಏನಾದರೂ ಇತ್ತಾ?" ಎಂದರು. ನಾಲ್ಕು ಅನುಮಾನ, ನಾಲ್ಕಕ್ಕೂ ಬೇರೆ ಬೇರೆ ಮದ್ದು. ತಪ್ಪಿದ್ದನ್ನು ಹಿಡಿದುಕೊಂಡರೆ ಉಳಿದ ಮರಿಗಳೂ ಹೋಗುತ್ತವೆ. ಹಾಗಾಗಿ ಒಂದೊಂದನ್ನೇ ನೋಡಿದೆವು.

ಪ್ರಾಣಿಯ ಕೆಲಸವಾದರೆ ಗುರುತು ಉಳಿಯುತ್ತದೆ. ನಾಯಿ ಒಳಗೆ ಬಂದರೆ ಅಟ್ಟಾಡಿಸಿ ಕೊಂದು ಅಲ್ಲಲ್ಲೇ ಬಿಟ್ಟುಹೋಗುತ್ತದೆ. ಒಂದೇ ಮೂಲೆಯಲ್ಲಿ ಜೋಡಿಸಿಡುವುದಿಲ್ಲ. ಹೆಗ್ಗಣ ನೆಲ ತೋಡುತ್ತದೆ, ಕಡಿದು ತಿಂದ ಜಾಗ ಕಾಣುತ್ತದೆ. ಮುಂಗುಸಿಯಂಥ ಸಣ್ಣ ಬೇಟೆಗಾರ ಕತ್ತಿಗೆ, ತಲೆಗೆ ಬಾಯಿ ಹಾಕುತ್ತದೆ. ಗಿಡುಗ ಹಗಲಲ್ಲಿ ಬರುತ್ತದೆ, ಪುಕ್ಕ ಕಿತ್ತು ಹರಡುತ್ತದೆ. ಇಲ್ಲಿ ಜಾಲರಿ ಎಲ್ಲೂ ಹರಿದಿರಲಿಲ್ಲ. ಪಂಜರದ ಅಂಚಿನಲ್ಲಿ ಮಣ್ಣು ಕೆದಕಿರಲಿಲ್ಲ. ಒಂದು ಮರಿಯ ಮೈಮೇಲೂ ಗಾಯವಿಲ್ಲ.

ರೋಗದ ಅನುಮಾನ ಅಷ್ಟು ಸುಲಭವಾಗಿ ಹೋಗಲಿಲ್ಲ. ಮೂರರಿಂದ ಆರು ವಾರದ ವಯಸ್ಸೆಂದರೆ ಕಾಕ್ಸಿಡಿಯೋಸಿಸ್ ಬರುವ ಕಾಲ. ಐಮೇರಿಯಾ ಎಂಬ ಸೂಕ್ಷ್ಮಜೀವಿ ಕರುಳಿನಲ್ಲಿ ಬೆಳೆಯುತ್ತದೆ. ಅದರ ಬೀಜಕೋಶಗಳು ಹಿಕ್ಕೆಯಲ್ಲಿ ಹೊರಬಂದು, ಬೆಚ್ಚಗಿನ ಒದ್ದೆ ನೆಲದಲ್ಲಿ ಒಂದೆರಡು ದಿನಕ್ಕೆ ಇನ್ನೊಂದು ಕೋಳಿಗೆ ಹತ್ತಲು ತಯಾರಾಗುತ್ತವೆ. ಮಳೆ, ಒದ್ದೆ, ಮೂರು ವಾರ ದಾಟಿದ ಮರಿ. ಎಲ್ಲ ಹೊಂದುತ್ತಿತ್ತು, ಅಲ್ವಾ?

ಪಶುವೈದ್ಯರಿಗೆ ಫೋನ್ ಮಾಡಿದೆವು. ಅವರು ಔಷಧಿ ಹೆಸರು ಹೇಳಲಿಲ್ಲ, ಪ್ರಶ್ನೆ ಕೇಳಿದರು. ನಿನ್ನೆ ಸಂಜೆ ಚೆನ್ನಾಗಿ ತಿಂದವಾ? ಹಿಕ್ಕೆಯಲ್ಲಿ ರಕ್ತವಿತ್ತಾ? ಸತ್ತವುಗಳ ಹೊಟ್ಟೆ ಕಡೆ ಒದ್ದೆಯಾ, ಬೆನ್ನು ಒದ್ದೆಯಾ? ಆಮೇಲೆ ಕೈಗವಸು ಹಾಕಿಕೊಂಡು ಎರಡು ಮೂರು ಮರಿ ಕೊಯ್ದು ನೋಡಿ ಎಂದರು. ಅಣ್ಣ ಮೂರು ಕೊಯ್ದ. ಕತ್ತಿನ ಬುಡದ ಆಹಾರದ ಚೀಲ ತುಂಬಿತ್ತು. ಕಾಯಿಲೆ ಬಿದ್ದ ಮರಿ ಅಷ್ಟು ತಿನ್ನುವುದಿಲ್ಲ. ಕರುಳಿನಲ್ಲಿ ರಕ್ತವಿಲ್ಲ, ಊತವಿಲ್ಲ. ಆದರೆ ರಾಶಿಯ ಅಡಿಯಲ್ಲಿದ್ದ ಮರಿಗಳು ಚಪ್ಪಟೆಯಾಗಿದ್ದವು, ಹೊಟ್ಟೆಯ ಕಡೆ ಪೂರ್ತಿ ನೆನೆದಿತ್ತು. ಮೇಲಿದ್ದವುಗಳ ಬೆನ್ನು ಮಾತ್ರ ಒದ್ದೆ.

ಚಳಿಯಾದಾಗ ಮರಿಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಚಳಿ ಜಾಸ್ತಿಯಾದರೆ ಮೇಲೆ ಹತ್ತುತ್ತವೆ. ಅಡಿಯಲ್ಲಿ ಸಿಕ್ಕಿದವಕ್ಕೆ ಉಸಿರು ಸಿಗುವುದಿಲ್ಲ. ಆ 14 ಮರಿಗಳನ್ನು ಕೊಂದದ್ದು ನಾಯಿಯೂ ಅಲ್ಲ, ರೋಗವೂ ಅಲ್ಲ, ಮೂಟೆಯ ಆಹಾರವೂ ಅಲ್ಲ. ಅವುಗಳದೇ ಜೊತೆಗಾರರ ಭಾರ.

ತಗಡಿನ ಕೆಳಗೇ ನೀರು

ಮಳೆ ಬಂದರೆ ಸೂರಿನ ಕೆಳಗೆ ಹೋಗುತ್ತವೆ ಎಂದು ತಗಡು ಹಾಕಿದ್ದೆವು. ಅವು ಹೋದವು ಕೂಡ. ಆದರೆ ತಗಡಿದ್ದ ಭಾಗ ಇಳಿಜಾರಿನ ಮೇಲ್ಮುಖಕ್ಕಿತ್ತು. ಮೇಲಿನಿಂದ ಹರಿದು ಬಂದ ನೀರು ಮೊದಲು ನುಗ್ಗಿದ್ದೇ ಅದರ ಅಡಿಗೆ. ತಗಡಿನಿಂದ ಇಳಿದ ನೀರೂ ಅಂಚಿನಿಂದ ಒಳಕ್ಕೆ ಹರಿಯಿತು. ಹುಲ್ಲಿನ ಬುಡದಲ್ಲಿ ಅಂಗುಲದಷ್ಟು ನೀರು ನಿಂತ ಗುರುತಿತ್ತು. ನಾವು ಕಟ್ಟಿದ ಸೂರಿನ ಅಡಿಯೇ ಇಡೀ ಪಂಜರದಲ್ಲಿ ಹೆಚ್ಚು ಒದ್ದೆಯಾದ ಜಾಗ. ಒಣಗಿದ್ದದ್ದು ಆ ಒಂದು ಮೂಲೆ ಮಾತ್ರ. ಎಲ್ಲ ಅಲ್ಲಿಗೇ ನುಗ್ಗಿವೆ.

ಇಷ್ಟಕ್ಕೇ ಪ್ರಕರಣ ಮುಗಿಯಿತು ಅಂದುಕೊಂಡಿದ್ದೆವು. ಮಳೆ, ತಗ್ಗು, ತಪ್ಪು ದಿಕ್ಕು. ಅಂದು ಸಂಜೆ ಅತ್ತಿಗೆ ಸುಮ್ನೆ ಫೋನಿನಲ್ಲಿ ಹಳೆ ಫೋಟೋ ನೋಡುತ್ತಿದ್ದರು. ಬ್ರೂಡರಿನ ಫೋಟೋ, 15ನೇ ದಿನದ್ದು. ಚೆಂದ ಕಂಡಿತೆಂದು ತೆಗೆದದ್ದು. "ಇಲ್ಲಿ ನೋಡಿ, ಬಲ್ಬಿನ ಕೆಳಗೆ ಒಂದೂ ಇಲ್ಲ" ಎಂದರು.

ನಿಜ. ಬಲ್ಬಿನ ಅಡಿ ಖಾಲಿ. ಮರಿಗಳೆಲ್ಲ ಗೋಡೆಯ ಅಂಚಿಗೆ ಅಂಟಿಕೊಂಡಿವೆ. ಕೆಲವು ರೆಕ್ಕೆ ಅಗಲಿಸಿ ಮಲಗಿವೆ. ಸೆಕೆ ತಡೆಯಲಾಗದ ಮರಿಗಳು ಕೂರುವುದೇ ಹಾಗೆ. ನಾವು ಅವನ್ನು ಆಟವಾಡುತ್ತಿವೆ ಅಂದುಕೊಂಡಿದ್ದೆವು.

ಮೊದಲ ವಾರ ಮರಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬರಬೇಕು. ಇದು ನಮಗೆ ಗೊತ್ತಿತ್ತು, ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ಆದರೆ ಮೊದಲ ಮೂರು ಮರಿ ಸತ್ತ ಭಯಕ್ಕೆ ಬಲ್ಬು ಮೇಲೆತ್ತಲಿಲ್ಲ. 20ನೇ ದಿನವೂ ಅದರ ಕೆಳಗೆ 32 ಡಿಗ್ರಿ. ಹೀಗೆ ಬಿಸಿಯಲ್ಲೇ ಬೆಳೆದ ಮರಿಗೆ ಪುಕ್ಕ ನಿಧಾನವಾಗಿ ಬರುತ್ತದೆ. ಮೈಯೂ ತಂಪಿಗೆ ಪಳಗುವುದಿಲ್ಲ. 21ನೇ ದಿನ ನಮ್ಮ ಮರಿಗಳ ರೆಕ್ಕೆಯಲ್ಲಿ ಪುಕ್ಕವಿತ್ತು. ಎದೆ ಮತ್ತು ಬೆನ್ನಿನಲ್ಲಿ ಇನ್ನೂ ಹಳದಿ ತುಪ್ಪಳ. ಒದ್ದೆಯಾದ ತುಪ್ಪಳ ಚಳಿ ತಡೆಯುವುದಿಲ್ಲ, ಮೈಗೆ ಅಂಟಿಕೊಂಡುಬಿಡುತ್ತದೆ.

ಈ ತಳಿಯಲ್ಲಿ ಕಣ್ಣು ಇನ್ನೊಂದು ಕಡೆಯಿಂದಲೂ ಮೋಸ ಹೋಗುತ್ತದೆ. ಮರಿ ದೊಡ್ಡದಾಗಿ ಕಾಣುತ್ತದೆ. ದೊಡ್ಡದಾಗಿದೆ ಎಂದರೆ ಬಲಿತಿದೆ ಎಂದು ನಮ್ಮ ಮನಸ್ಸು ಹೇಳುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ಕಾಲದ ಮಾಂಸದ ಕೋಳಿ ತಳಿಗಳನ್ನು ಒಂದೇ ಆಹಾರ ಕೊಟ್ಟು ಬೆಳೆಸಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. 56 ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ. ಆಹಾರ ಒಂದೇ, ದಿನ ಒಂದೇ, ಬದಲಾದದ್ದು ತಳಿ ಮಾತ್ರ. ಮೂರು ವಾರಕ್ಕೆ ಇಷ್ಟು ದಪ್ಪವಾಗುವ ಮರಿಯೂ ಮರಿಯೇ. ತೂಕ ನೋಡಿ ಅದರ ವಯಸ್ಸು ಅಳೆಯಬಾರದಿತ್ತು.

ಅಂದರೆ ಮಳೆಯ ರಾತ್ರಿಯ ಸಾವು ಶುರುವಾದದ್ದು ಹತ್ತು ದಿನ ಹಿಂದೆ, ಬಲ್ಬಿನ ಕೆಳಗೆ. ನಾವು ಕ್ಯಾಲೆಂಡರ್ ನೋಡಿದೆವು. ಮರಿಯ ಎದೆ ತಿರುಗಿಸಿ ನೋಡಲಿಲ್ಲ.

ಮತ್ತೆ ಹೊರಗೆ

ಉಳಿದವನ್ನು ಬಟ್ಟೆಯಲ್ಲಿ ಒರೆಸಿ, ಒಣ ಹೊಟ್ಟು ಹಾಕಿದ ಪೆಟ್ಟಿಗೆಗಳಲ್ಲಿ ಹತ್ತತ್ತರಂತೆ ಇಟ್ಟು ಬಲ್ಬು ಹಾಕಿದೆವು. ಒಟ್ಟಿಗೇ ಇಟ್ಟಿದ್ದರೆ ಮತ್ತೆ ರಾಶಿ ಬೀಳುತ್ತಿದ್ದವು. ಅಷ್ಟು ಮಾಡಿದರೂ ಮರುದಿನ ಇನ್ನೆರಡು ಹೋದವು. ಅಲ್ಲಿಗೆ ಸತ್ತದ್ದು 16, ಉಳಿದದ್ದು 41. ಆಮೇಲೆ ನಾಲ್ಕೈದು ದಿನ ಒಂದೂ ಸಾಯಲಿಲ್ಲ. ರೋಗವಲ್ಲ ಎನ್ನುವುದಕ್ಕೆ ನಮಗೆ ಸಿಕ್ಕ ಗಟ್ಟಿ ಸಾಕ್ಷಿ ಅದೇ.

ಬ್ರೂಡರಿನಲ್ಲಿ ಹಗಲು ಬಲ್ಬು ಆರಿಸಿ, ಕಿಟಕಿ ತೆರೆದಿಟ್ಟೆವು. ರಾತ್ರಿ ಒತ್ತಿಕೊಂಡರೆ ಮಾತ್ರ ಬಲ್ಬು. 29ನೇ ದಿನಕ್ಕೆ ಎದೆಯ ಮೇಲೆ ಪುಕ್ಕ ಮುಚ್ಚಿಕೊಂಡಿತ್ತು. ಆಗ ಮತ್ತೆ ಹೊರಗೆ ತಂದೆವು. ಈ ಸಲ ಪಂಜರವನ್ನು ಜಮೀನಿನ ಮೇಲ್ಭಾಗದಲ್ಲಿ ಇಟ್ಟು, ತಗಡಿನ ಕಡೆಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ, ಮೇಲ್ಗಡೆ ಗುದ್ದಲಿಯಿಂದ ಒಂದು ಸಣ್ಣ ಕಾಲುವೆ ಎಳೆದೆವು. ಮೋಡ ಕಂಡ ಸಂಜೆ ತಗಡಿನ ಕೆಳಗೆ ಒಣಹುಲ್ಲಿನ ದಪ್ಪ ಹಾಸು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅಂತ ಅಣ್ಣನೇ ನಕ್ಕ. ಆದರೆ 33ನೇ ದಿನ ಮೊದಲಿಗಿಂತ ಜೋರು ಮಳೆ ಬಂತು. ಬೆಳಿಗ್ಗೆ ಎಣಿಸಿದರೆ 41 ಇದ್ದವು. ಹಾಸಿನ ಮೇಲೆ ಹರಡಿಕೊಂಡು ಮಲಗಿದ್ದವು.

ಪಂಜರ ಎಳೆಯುವುದಕ್ಕೂ ಒಂದು ಹದವಿದೆ. ಮೊದಲೆರಡು ದಿನ ಅಣ್ಣ ಕೋಳಿಗಳ ಹೊಟ್ಟೆ ತುಂಬಿದ ಮೇಲೆ ಎಳೆದಿದ್ದ. ತಿಂದು ಕೂತ ಕೋಳಿ ಏಳುವುದಿಲ್ಲ. ಈ ತಳಿಯಂತೂ ಏಳುವುದೇ ಇಲ್ಲ. ಬೆಳಿಗ್ಗೆ ಆಹಾರ ಹಾಕುವ ಮೊದಲು ಎಳೆದರೆ, ಹಸಿದವು ತಾವೇ ಮುಂದಿನ ಹುಲ್ಲಿಗೆ ನಡೆದು ಬರುತ್ತವೆ. ಅದು ತಿಳಿದ ಮೇಲೂ ಐದನೇ ವಾರದಲ್ಲಿ ಒಂದರ ಕಾಲು ಹಿಂದಿನ ಅಂಚಿಗೆ ಸಿಕ್ಕಿ ಮುರಿಯಿತು. ಅದನ್ನು ಅಂದೇ ಕೊಯ್ದೆವು. 40 ಉಳಿದವು. ಒಬ್ಬರು ಎಳೆಯಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಅದೇ ವಾರ ನಾನೂ ಒಮ್ಮೆ ಸುಳ್ಳು ಗಾಬರಿ ಎಬ್ಬಿಸಿದೆ. ಕಂದು ಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಹಿಕ್ಕೆ ನೋಡಿ ಕಾಕ್ಸಿಡಿಯೋಸಿಸ್ ಬಂತೆಂದೆ. ಅದು ಕೋಳಿಯ ಕುರುಡು ಕರುಳಿನಿಂದ ದಿನಕ್ಕೆ ಕೆಲವು ಸಲ ಬರುವ ಮಾಮೂಲಿ ಹಿಕ್ಕೆ. ಹುಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ, ಹೊಟ್ಟಿನಲ್ಲಿ ಕಾಣುತ್ತಿರಲಿಲ್ಲ ಅಷ್ಟೇ.

ಹುಲ್ಲು ತಿಂದರೆ ಆಹಾರದ ಖರ್ಚು ಅರ್ಧವಾಗುತ್ತದೆ ಎಂಬ ಅಣ್ಣನ ಲೆಕ್ಕವೂ ಆರನೇ ವಾರದ ಹೊತ್ತಿಗೆ ಸದ್ದಿಲ್ಲದೆ ಮಾಯವಾಯಿತು. ಹುಲ್ಲು, ಹುಳ, ಎಳೆ ಸೊಪ್ಪು ಎಲ್ಲ ಕೊಕ್ಕಿಗೆ ಕೆಲಸ. ಹೊಟ್ಟೆಗೆ ಮೂಟೆಯ ಆಹಾರವೇ. ಹುಲ್ಲು ತಿನ್ನುವ ಕೋಳಿಗೆ ಸಣ್ಣ ಕಲ್ಲುಮರಳು ಬೇಕು. ಹಲ್ಲಿಲ್ಲದ ಅವು ಹೊಟ್ಟೆಯೊಳಗೆ ಅರೆಯುವುದು ಅದರಿಂದಲೇ. ಅದನ್ನು ಒಂದು ಡಬ್ಬದಲ್ಲಿ ಇಟ್ಟಿದ್ದೆವು. ಸಂಜೆ ಆಹಾರದ ತೊಟ್ಟಿ ತೆಗೆದು ಬೆಳಿಗ್ಗೆ ಇಡುತ್ತಿದ್ದೆವು. ಇಪ್ಪತ್ತನಾಲ್ಕು ಗಂಟೆ ತಿನ್ನಲು ಬಿಟ್ಟರೆ ಈ ತಳಿಯ ತೂಕಕ್ಕೆ ಕಾಲು ಸೋಲುತ್ತದೆ, ಎದೆಬಡಿತ ನಿಂತು ಕೆಲವು ಅಂಗಾತ ಬೀಳುತ್ತವೆ. ಹಾಗೆ ಒಂದೂ ಬೀಳಲಿಲ್ಲ.

ಏಳನೇ ವಾರದ ಮಧ್ಯಾಹ್ನ

47ನೇ ದಿನದ ಬಗ್ಗೆ ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿದೆ: "3 ಸತ್ತವು, ಬಿಸಿಲು." ಅಂದು ಯಾರೂ ಅಳಲಿಲ್ಲ. ಯಾರಿಗೂ ಫೋನ್ ಮಾಡಲಿಲ್ಲ. ಮೂರು ತಾನೇ ಅಂದುಕೊಂಡೆವು. ಈಗ ಯೋಚಿಸಿದರೆ ಮಳೆಯ ರಾತ್ರಿಗಿಂತ ಈ ಮಧ್ಯಾಹ್ನದ್ದೇ ದೊಡ್ಡ ತಪ್ಪು ಅನ್ನಿಸುತ್ತದೆ.

ಅಂದು ಬೆಳಿಗ್ಗೆ ಮೂವರಿಗೂ ಬೇರೆ ಕೆಲಸ. ಏಳಕ್ಕೆ ಇಡಬೇಕಾದ ತೊಟ್ಟಿ ಹನ್ನೊಂದಕ್ಕೆ ಇಟ್ಟೆವು. ರಾತ್ರಿಯಿಡೀ ಹಸಿದಿದ್ದ ಕೋಳಿಗಳು ಮುಗಿಬಿದ್ದು ತಿಂದವು. ತಿಂದದ್ದು ಅರಗುವಾಗ ಮೈಯೊಳಗೇ ಶಾಖ ಹುಟ್ಟುತ್ತದೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ದಾರಿ. ಒಂದು ಗಂಟೆಗೆ ಗಾಳಿ ಪೂರ್ತಿ ನಿಂತಿತು. ನೆರಳಿಗೆಂದು ಅವು ಹೋದದ್ದು ಕಾದ ತಗಡಿನ ಕೆಳಗೆ. ಅದು ನೆಲದಿಂದ ಎರಡೇ ಅಡಿ ಮೇಲಿತ್ತು. ನೀರಿನ ಪಾತ್ರೆ ಬಿಸಿಲಲ್ಲಿತ್ತು. ನೀರು ಕೈಗೆ ಬಿಸಿ ತಾಗುತ್ತಿತ್ತು. ನೆರಳು ಬಿಟ್ಟು ಅದನ್ನು ಕುಡಿಯಲು ಒಂದೂ ಬರಲಿಲ್ಲ.

ಸತ್ತವು ಮೂರೂ ತಂಡದ ಅತಿ ದಪ್ಪ ಕೋಳಿಗಳು. ಹತ್ತಿರ ಎರಡು ಕಿಲೋ ತೂಗುತ್ತಿದ್ದವು.

ಅಂದಿನಿಂದ ತೊಟ್ಟಿ ಬೆಳಕು ಹರಿಯುವಾಗ ಇಡುವುದು, ಬಿಸಿಲೇರುವ ಮುಂಚೆ ತೆಗೆಯುವುದು, ತಂಪಾದ ಮೇಲೆ ಮತ್ತೆ ಇಡುವುದು ಎಂದಾಯಿತು. ತಗಡಿನ ಮೇಲೆ ಒದ್ದೆ ಗೋಣಿಚೀಲ. ನೀರು ತಗಡಿನ ನೆರಳಿಗೆ ಬಂತು, ಮಧ್ಯಾಹ್ನ ಒಮ್ಮೆ ಚೆಲ್ಲಿ ಹೊಸದು. ಬಿಸಿ ದಿನಗಳು ಇನ್ನೂ ನಾಲ್ಕು ಬಂದವು. ಒಂದೂ ಹೋಗಲಿಲ್ಲ.

ನೋಟ್‌ಬುಕ್ಕಿನ ಲೆಕ್ಕ

56ನೇ ದಿನ ಉಳಿದ 37 ಕೋಳಿಗಳನ್ನು ಕೊಯ್ದೆವು. ಹಿಂದಿನ ರಾತ್ರಿ ಆಹಾರ ತೆಗೆದು ಹತ್ತು ಗಂಟೆ ಉಪವಾಸ. ನೀರು ಮಾತ್ರ ಇತ್ತು. ಪುಕ್ಕ ಬಿಡಿಸಲು 62 ಡಿಗ್ರಿಯ ನೀರು. ಆಮೇಲೆ ಮಂಜುಗಡ್ಡೆಯ ನೀರಿಗೆ ಹಾಕಿ ನಾಲ್ಕು ಗಂಟೆಯೊಳಗೆ 4 ಡಿಗ್ರಿಗೆ ಇಳಿಸಿದೆವು. ಒಂದು ದಿನ ಫ್ರಿಜ್ಜಿನಲ್ಲಿಟ್ಟು ಬಿಗಿತ ಬಿಟ್ಟ ಮೇಲೆ ಫ್ರೀಜರಿಗೆ. ಈ ಕೆಲಸ ಬೇಸರದ್ದು. ಅಣ್ಣ ಅಂದು ಹೆಚ್ಚು ಮಾತಾಡಲಿಲ್ಲ.

ಜೀವಂತ ತೂಕ ಒಟ್ಟು 85 ಕಿಲೋ, ಸರಾಸರಿ 2.3. ಶುಚಿ ಮಾಡಿದ ಮಾಂಸ 61 ಕಿಲೋ. ಮುಗಿದ ಆಹಾರ 50 ಕಿಲೋದ ನಾಲ್ಕೂವರೆ ಮೂಟೆ, ಅಂದರೆ 225 ಕಿಲೋ. ಒಂದು ಕಿಲೋ ಮಾಂಸಕ್ಕೆ ಸುಮಾರು 3.7 ಕಿಲೋ ಆಹಾರ ಹೋಗಿದೆ.

ಇನ್ನು ಸತ್ತವುಗಳ ಲೆಕ್ಕ. ಮಳೆಯಲ್ಲಿ ಹೋದ 16 ಮರಿಗಳು ಆ ಹೊತ್ತಿಗೆ ತಲಾ ಸುಮಾರು ಒಂದು ಕಿಲೋ ತಿಂದಿದ್ದವು. ಒಟ್ಟು 16 ಕಿಲೋ. ಬಿಸಿಲಿಗೆ ಹೋದ ಮೂರು ತಲಾ ನಾಲ್ಕು ಕಿಲೋ ತಿಂದಿದ್ದವು. ಒಟ್ಟು 12. ಒಂದು ತಂಡದ ಸಾವಿಗೆ ವಾರವಿಡೀ ಊಟ ರುಚಿಸಲಿಲ್ಲ, ಇನ್ನೊಂದಕ್ಕೆ ಒಂದು ಸಾಲು ಬರೆದು ಪುಟ ಮಗುಚಿದೆ. ಆಹಾರದ ನಷ್ಟದಲ್ಲಿ ಮಾತ್ರ ಅಷ್ಟು ಅಂತರವಿಲ್ಲ. ಮರಿಯ ಬೆಲೆ ಸೇರಿಸಿದರೆ ಮಳೆಯ ನಷ್ಟ ಹೆಚ್ಚೇ, ಒಪ್ಪುತ್ತೇನೆ. ಪಂಜರ ಎಳೆಯುವ ಶ್ರಮವೂ 57ಕ್ಕೆ ಎಷ್ಟೋ 37ಕ್ಕೂ ಅಷ್ಟೇ. ಆದರೆ ಕಾವಲು ಎಲ್ಲಿ ಬಿಗಿಯಾಗಬೇಕು ಎಂದು ಕೇಳಿದರೆ, ನಾನು ಮೊದಲು ಕೊನೆಯ ಎರಡು ವಾರ ಎನ್ನುತ್ತೇನೆ. ನಾವು ಮಾಡಿದ್ದು ಉಲ್ಟಾ. ಮರಿಗಳಿಗೆ ಹಗಲೂ ರಾತ್ರಿ ಕಾದೆವು. ಬೆಳೆದ ಮೇಲೆ ಅವು ತಮ್ಮ ಪಾಡಿಗೆ ಇರುತ್ತವೆ ಎಂದುಕೊಂಡೆವು.

ಪಂಜರ ನಿಂತ ಜಾಗಗಳಲ್ಲಿ ಹುಲ್ಲು ಈಗ ಕಡು ಹಸಿರಾಗಿ ಚೌಕ ಚೌಕವಾಗಿ ಎದ್ದಿದೆ. ಮುಂದಿನ ತಂಡವನ್ನು ಈ ವರ್ಷ ಆ ಚೌಕಗಳ ಮೇಲೆ ಇಡುವುದಿಲ್ಲ. ಅಲ್ಲಿ ಗೊಬ್ಬರ ಆಗಲೇ ಸಾಕಷ್ಟಿದೆ, ರೋಗದ ಬೀಜಕೋಶಗಳೂ ಉಳಿದಿರಬಹುದು.

ಯಾವ ತಳಿ ತರುವುದು ಅಂತ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನಿಧಾನ ಬೆಳೆಯುವ ತಳಿ ಬೇಕು, ಅದು ಸೆಕೆ ತಡೆಯುತ್ತದೆ, ಮಳೆಗೆ ಓಡುವ ಕಾಲೂ ಇರುತ್ತದೆ ಎನ್ನುವುದು ಅತ್ತಿಗೆಯ ಮಾತು. ಫ್ರಾನ್ಸಿನಲ್ಲಿ ಲೇಬಲ್ ರೂಜ್ ಗುರುತು ಪಡೆಯುವ ಕೋಳಿಯನ್ನು ಕಡಿಮೆಯೆಂದರೂ 81 ದಿನ ಬೆಳೆಸಬೇಕು ಎಂದು ಅವರು ಎಲ್ಲೋ ಓದಿ ಇಟ್ಟುಕೊಂಡಿದ್ದಾರೆ. "ಈ ಸಲ 29 ಸಲ ಪಂಜರ ಎಳೆದಿದ್ದೇನೆ. ನಿನ್ನ ಕೋಳಿಗೆ 50 ದಾಟುತ್ತೆ. ಮೂಟೆ ಎಷ್ಟು ಬೇಕು, ಅದನ್ನೂ ಹೇಳು" ಅಂತ ಅಣ್ಣ. "ಎಳೆಯೋಕೆ ನಾನೂ ಬರ್ತೀನಿ ರೀ, ಮೊದಲು ಮರಿ ತನ್ನಿ" ಅಂತ ಅತ್ತಿಗೆ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ನಾನು ತಳಿ ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ಹೊರಗೆ ಬಿಡುವ ದಿನ ಎಂಬಲ್ಲಿಯೂ ಅಂಕಿ ಬರೆದಿಲ್ಲ, "ಎದೆ ಮುಚ್ಚಿದ ಮೇಲೆ" ಎಂದಷ್ಟೇ ಬರೆದಿದ್ದೇನೆ.